ಮುನ್ನೂರರ ಗೆರೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡೇ ಎರಡು ಯೂನಿಟ್ಟು.

ಆ ದಿನ ಬೆಳಿಗ್ಗೆ ಚಾಳೀಸು ಹಲ್ಲು ಕೂಡ ಉಜ್ಜದೆ, ಹೊದ್ದ ಕಂಬಳಿಯಲ್ಲೇ ಕೆಳಗಿಳಿದು, ಮೆಟ್ಟಿಲ ಕೆಳಗಿನ ಮರದ ಪೆಟ್ಟಿಗೆ ತೆರೆದು ತನ್ನ ಮನೆಯ ಕರೆಂಟಿನ ಮೀಟರು ನೋಡಿದ. ಒಂದು ಕೈಯಲ್ಲಿ ಹಳೆಯ ಬಿಲ್ಲು ಹಿಡಿದು, ಇನ್ನೊಂದು ಕೈಯ ಬೆರಳು ಮಡಿಸುತ್ತಾ, ಇವತ್ತಿನ ಅಂಕಿಯಿಂದ ಹೋದ ತಿಂಗಳ ಅಂಕಿಯನ್ನು ಕಳೆದ. ಇನ್ನೂರ ತೊಂಬತ್ತೆಂಟು ಬಂತು. ತಪ್ಪಿರಬಹುದೆಂದು ಮತ್ತೊಮ್ಮೆ ಕಳೆದ. ಆಗಲೂ ಇನ್ನೂರ ತೊಂಬತ್ತೆಂಟೇ.

ಮುನ್ನೂರರ ತನಕ ಒಂದು ದರ. ಮುನ್ನೂರರ ಮೇಲೆ ಒಂದೇ ಒಂದು ಯೂನಿಟ್ಟು ಹೋದರೂ ದೊಡ್ಡ ದರ. ಅದೂ ಆ ಒಂದು ಯೂನಿಟ್ಟಿಗೆ ಮಾತ್ರವಲ್ಲ, ಒಂದನೇ ಯೂನಿಟ್ಟಿನಿಂದ ಹಿಡಿದು ಅಷ್ಟಕ್ಕೂ. ಈ ಕಾನೂನನ್ನು ಬರೆದವನು ಚಳಿಗಾಲ ಕಂಡವನಲ್ಲ ಎಂಬುದು ಚಾಳೀಸಿನ ಖಚಿತ ಅಭಿಪ್ರಾಯ. ಆದರೆ ಮೀಟರಿನ ಅಂಕಿ ಬರೆದುಕೊಳ್ಳುವವನು ಬರುವುದು ತಿಂಗಳ ಹತ್ತನೇ ತಾರೀಖು, ಇವತ್ತೇ. ಹಳದಿ ಹೆಲ್ಮೆಟ್ಟು ಹಾಕಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಮೋಟರ್ ಸೈಕಲ್ ಗುಡುಗಿಸುತ್ತಾ, ಮಧ್ಯಾಹ್ನದೊಳಗೆ ತಪ್ಪದೆ ಬರುತ್ತಾನೆ. ಅಲ್ಲಿಯ ತನಕ ಎರಡು ಯೂನಿಟ್ಟು ಕಾಯ್ದುಕೊಂಡರೆ ಸಾಕು.

ಚಾಳೀಸು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ಉಜ್ಜುವುದು ಅವನ ಕೆಲಸ. ನಲವತ್ತು ದಾಟಿದ ಊರಿನ ಮೂಗುಗಳೆಲ್ಲ ಓದುವ ಚಾಳೀಸಿಗಾಗಿ ಅವನ ಹತ್ತಿರವೇ ಬರಬೇಕು. ಹಾಗೆ ಅಂಟಿಕೊಂಡ ಹೆಸರು ಕೊನೆಗೆ ಮನೆಯ ಬಾಗಿಲು ದಾಟಿ ಒಳಗೂ ಬಂದಿತ್ತು. ಹೆಂಡತಿ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಮೇಲೆ ಬಂದವನೇ ಅವನು ಮನೆಯ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತ. ಹೀಟರು, ನೀರು ಕಾಯಿಸುವ ಗೀಸರು, ಫ್ರಿಜ್ಜು, ಕರೆಂಟಿನ ಒಲೆ, ಕೊನೆಗೆ ಬಾಗಿಲ ಗಂಟೆ. ಮೇನ್ ಸ್ವಿಚ್ಚನ್ನೇ ಇಳಿಸಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಆದರೆ ಅದು ಅಪ್ಪನ ಕಾಲದ್ದು; ಮುಟ್ಟಿದರೆ ಕೈಗೇ ಕಿತ್ತು ಬರುತ್ತದೆ ಎಂದು ರಿಪೇರಿಯವನು ಎರಡು ಸಲ ಎಚ್ಚರಿಸಿದ್ದ.

"ಫ್ರಿಜ್ಜಲ್ಲಿ ಹಾಲಿದೆ," ಎಂದಳು ಹೆಂಡತಿ.

"ಕಿಟಕಿ ಹೊರಗಡೆ ಇಡು. ಫ್ರಿಜ್ಜಿಗಿಂತ ಚೆನ್ನಾಗಿ ತಣ್ಣಗಿರುತ್ತೆ."

"ಚಹಾ?"

"ಅಂಕಿ ಬರ್ಕೊಂಡು ಹೋದ ತಕ್ಷಣ ಕೊಡ ಕೊಡ ಚಹಾ ಕಾಯ್ಸು. ಅಲ್ಲೀತನಕ ಬ್ರೆಡ್ಡು ತಿನ್ನೋಣ."

"ಅಂಗಡಿಗೆ ರಜಾ ಹಾಕಿ ಮನೇಲಿ ಕೂತು ಗಡಗಡ ನಡುಗೋದು ನಿಮಗೊಬ್ಬರಿಗೇ ಬರೋ ವಿದ್ಯೆ," ಎಂದಳು ಅವಳು. ಆದರೂ ಹಾಲಿನ ಪಾತ್ರೆ ಕಿಟಕಿಯಿಂದಾಚೆ ಇಟ್ಟಳು. ಅವಳಿಗೂ ಗೊತ್ತಿತ್ತು ಇದೆಲ್ಲ ಯಾತಕ್ಕೆ ಎಂದು.

ಇದೆಲ್ಲ ಮಗಳ ಕೋಟಿಗಾಗಿ. ಹತ್ತು ವರ್ಷದ ಮಗಳ ಹಳೆಯ ಕೋಟಿನ ತೋಳು ಈಗ ಮೊಣಕೈಗೂ ಮಣಿಕಟ್ಟಿಗೂ ನಡುವೆ ನಿಂತುಬಿಟ್ಟಿತ್ತು. ಗುಂಡಿ ಹಾಕಿದರೆ ಉಸಿರು ಬಿಡಲಾಗದು, ಉಸಿರು ಬಿಟ್ಟರೆ ಗುಂಡಿ ನಿಲ್ಲದು. ಮೂಲೆಯಂಗಡಿಯ ಗಾಜಿನ ಹಿಂದೆ ನೀಲಿ ಉಣ್ಣೆಯ ಕೋಟೊಂದು ತೂಗುತ್ತಿತ್ತು. ಅಂಗಡಿಯವನು, "ಹನ್ನೊಂದನೇ ತಾರೀಖು ಸಂಜೆ ತನಕ ಎತ್ತಿಟ್ಟಿರ್ತೀನಿ, ಆಮೇಲೆ ನನ್ನ ಕೈಲಿಲ್ಲ," ಎಂದಿದ್ದ. ಡಬ್ಬಿಯಲ್ಲಿದ್ದ ದುಡ್ಡಿಗೆ ಎರಡೇ ದಾರಿ: ಬಿಲ್ಲು ಸಣ್ಣದಾಗಿ ಬಂದರೆ ಉಳಿದದ್ದು ಕೋಟಿಗೆ, ದೊಡ್ಡದಾಗಿ ಬಂದರೆ ಅಷ್ಟೂ ಬಿಲ್ಲಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಚಾಳೀಸಿನ ಹಾಸಿಗೆಯಲ್ಲಿ ಕಾಲು ಮಡಿಸಿಕೊಂಡೇ ಮಲಗಬೇಕು.

ಮಗಳಿಗೆ ಶಾಲೆಗೆ ರಜೆ. ಅವಳು ಕೈಗವಸು ಹಾಕಿಕೊಂಡೇ ಲೆಕ್ಕ ಮಾಡುತ್ತಿದ್ದಳು. ಲೆಕ್ಕದಲ್ಲಿ ಅವಳು ಗಟ್ಟಿಗಿತ್ತಿ. "ಅಪ್ಪ, ನಮ್ಮ ಹೀಟರು ಒಂದು ಗಂಟೆಗೆ ಎರಡು ಯೂನಿಟ್ ತಿನ್ನುತ್ತೆ. ಅಂದ್ರೆ ನಮ್ಮ ಹತ್ರ ಒಂದು ಗಂಟೆ ಬೆಚ್ಚಗಿದೆ," ಎಂದಳು.

"ಅದನ್ನ ಮುಟ್ಟೋದೇ ಇಲ್ಲ," ಎಂದ ಚಾಳೀಸು.

ಒಂಬತ್ತು ಗಂಟೆಗೆ ಮೊದಲ ವಿಘ್ನ ಬಂತು. ಮೇಲಿನ ಮನೆಯ ಇನ್ಶೂರೆನ್ಸ್ ಏಜೆಂಟನನ್ನು ಕಟ್ಟಡದಲ್ಲಿ ಎಲ್ಲರೂ ಪಾಲಿಸಿ ಎಂದೇ ಕರೆಯುತ್ತಿದ್ದರು. ಪರರ ಮನೆಯ ಸುದ್ದಿಗೆ ಅವನದು ಉದ್ದ ಮೂಗು, ಕರೆಯದೆ ತೂರುತ್ತಿತ್ತು. ಬಾಗಿಲ ಗಂಟೆ ಒತ್ತಿದ, ಸದ್ದಾಗಲಿಲ್ಲ. ಬಾಗಿಲು ಬಡಿದ. ಒಳಗೆ ಬಂದವನ ಬಾಯಿಂದ ಹೊಗೆ ಹೊರಟಿತು.

"ಏನ್ರೀ ಇದು! ಹೊರಗಡೆ ಇದಕ್ಕಿಂತ ಬೆಚ್ಚಗಿದೆಯಲ್ರೀ!"

ಎರಡು ಯೂನಿಟ್ಟಿನ ಕತೆ ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಚಾಳೀಸು ಮರ್ಯಾದಸ್ಥ. "ಹೀಟರು ಕೆಟ್ಟಿದೆ," ಎಂದು ಒಂದು ಸಣ್ಣ ಸುಳ್ಳು ಹೇಳಿದ.

"ಅಯ್ಯೋ ಪಾಪ," ಎಂದ ಪಾಲಿಸಿ. ಹಾಗೆಂದವನು ಎರಡು ನಿಮಿಷ ಕೂಡ ಕೂರಲಿಲ್ಲ. ಹೊಸ ಸುದ್ದಿ ಸಿಕ್ಕಾಗ ಅವನ ಕಾಲಿಗೆ ಚಕ್ರ ಬರುತ್ತಿತ್ತು.

ಹತ್ತು ಗಂಟೆಗೆ ಚಾಳೀಸು ಮತ್ತೆ ಮೀಟರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಅದು ಹಳೆಯ ಕಾಲದ ಮೀಟರು. ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ಬಿಲ್ಲೆ. ಬಿಲ್ಲೆಯ ಅಂಚಿನಲ್ಲಿ ಕೆಂಪು ಗುರುತು. ಮನೆಯಲ್ಲಿ ಕರೆಂಟು ಖರ್ಚಾದಷ್ಟೂ ಬಿಲ್ಲೆ ತಿರುಗುತ್ತದೆ. ಈಗ ಅದು ನಿಶ್ಚಲವಾಗಿ ನಿಂತಿತ್ತು. ಗಾಜು ಉಜ್ಜಿ ಪಳಗಿದ ಕಣ್ಣಿಗೆ ಆ ಕೆಂಪು ಗುರುತು ಕೂದಲೆಳೆಯಷ್ಟೂ ಕದಲಿದ್ದು ಕಾಣಲಿಲ್ಲ. ಚಾಳೀಸಿಗೆ ಅದೆಷ್ಟು ಖುಷಿಯಾಯಿತೆಂದರೆ ಚಳಿ ಮರೆತುಹೋಯಿತು.

ನೋಡುತ್ತಿದ್ದ ಹಾಗೆ ಬಿಲ್ಲೆ ಸ್ವಲ್ಪ ಅಲುಗಿತು. ಮತ್ತೆ ಅಲುಗಿತು. ಆಮೇಲೆ ಬುಗುರಿಯ ಹಾಗೆ ಗಿರಗಿರ ತಿರುಗತೊಡಗಿತು.

ಚಾಳೀಸು ಕಂಬಳಿ ಬಿಟ್ಟು ಓಡಿದ. ನಲವತ್ತಾರರ ಮಂಡಿ ಎರಡೆರಡು ಮೆಟ್ಟಿಲು ಹಾರಲು ಒಪ್ಪದೆ ಅರ್ಧದಲ್ಲಿ ಕೈಕೊಟ್ಟಿತು. ಉಳಿದರ್ಧವನ್ನು ಕಂಬಿ ಹಿಡಿದು ಏರಿ ಬಾಗಿಲು ತಳ್ಳಿದರೆ, ನಡುಮನೆಯಲ್ಲಿ ಕೆಳಗಿನ ಮನೆಯ ಹೆಡ್‌ಮಿಸ್ಸು ಕೂತಿದ್ದರು. ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು. ಅವರ ಪಕ್ಕದಲ್ಲಿ ಅವರದೇ ದೊಡ್ಡ ಹೀಟರು, ಚಾಳೀಸಿನ ಗೋಡೆಯ ಪ್ಲಗ್ಗಿಗೆ ಸಿಕ್ಕಿಕೊಂಡು ಕೆಂಡದ ಹಾಗೆ ಉರಿಯುತ್ತಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ತುಟಿ ಕಚ್ಚಿಕೊಂಡು ನಿಂತಿದ್ದಳು.

"ನಿಮ್ಮ ಹೀಟರು ಕೆಟ್ಟಿದೆಯಂತೆ. ಪಾಲಿಸಿ ಹೇಳ್ದ. ಮಗು ಇರೋ ಮನೆ, ಹಾಗೆಲ್ಲ ಇರಬಾರದು. ನಂದು ತಂದಿದ್ದೀನಿ, ಸಂಜೆ ತನಕ ಇಟ್ಕೊಳ್ಳಿ."

"ಮೇಡಂ, ಹೀಟರು ನಿಮ್ಮದು, ಕರೆಂಟು ನಮ್ಮದು!" ಎಂದು ಕೂಗಿದ ಚಾಳೀಸು, ಪ್ಲಗ್ಗು ಕಿತ್ತು ಅದನ್ನು ಎದೆಗವುಚಿಕೊಂಡು ನಿಂತ.

ಹೆಡ್‌ಮಿಸ್ಸು ಕನ್ನಡಕದ ಮೇಲಿನಿಂದ ನೋಡಿದರು. ಆ ನೋಟಕ್ಕೆ ಮೂವತ್ತು ವರ್ಷ ಮಕ್ಕಳು ತಪ್ಪೊಪ್ಪಿಕೊಂಡಿದ್ದರು. ಚಾಳೀಸು ಯಾವ ಲೆಕ್ಕ? ಎರಡು ಯೂನಿಟ್ಟಿನ ಕತೆಯನ್ನು, ಕೋಟಿನ ಸಮೇತ, ಒಪ್ಪಿಸಿಬಿಟ್ಟ.

"ಇದನ್ನ ಮೊದಲೇ ಹೇಳೋಕೇನಾಗಿತ್ತು? ಬಂದು ನಮ್ಮನೇಲಿ ಕೂತ್ಕೊಳ್ಳಿ, ಮೂರೂ ಜನ."

"ಬೇಡ ಮೇಡಂ," ಎಂದ ಚಾಳೀಸು. "ಇವತ್ತೊಂದು ದಿನ. ನಮ್ಮ ಚಳಿ ನಮಗಿರಲಿ."

ಅವರು ಹೀಟರು ಎತ್ತಿಕೊಂಡು ಹೋದರು. ಹೋಗುವಾಗ ಒಂದು ಫ್ಲಾಸ್ಕಿನಲ್ಲಿ ಚಹಾ ಕಳಿಸುತ್ತೇನೆ ಎಂದರು. ಅದನ್ನು ಬೇಡವೆನ್ನುವಷ್ಟು ಮರ್ಯಾದೆ ಚಾಳೀಸಿನ ಹತ್ತಿರ ಉಳಿದಿರಲಿಲ್ಲ. ಮೀಟರು ನೋಡಿ ಕಳೆದರೆ ಇನ್ನೂರ ತೊಂಬತ್ತೊಂಬತ್ತು. ಕಿಟಕಿ ನೋಡಿದರೆ ಹಾಲಿನ ಪಾತ್ರೆಯೊಳಗೆ ಬೆಕ್ಕು.

ಮಧ್ಯಾಹ್ನವಾಯಿತು, ಹಳದಿ ಹೆಲ್ಮೆಟ್ಟು ಬರಲಿಲ್ಲ. ಒಂದು ಗಂಟೆಗೂ ಇಲ್ಲ, ಎರಡಕ್ಕೂ ಇಲ್ಲ. ಬೀದಿಯಲ್ಲಿ ಯಾವ ಮೋಟರ್ ಸೈಕಲ್ ಗುಡುಗಿದರೂ ಮೂರೂ ಜನ ಕಿಟಕಿಗೆ ಓಡಿದರು. ಒಂದು ಔಷಧಿ ಅಂಗಡಿಯವನದು. ಇನ್ನೊಂದು ಯಾರದೋ ಮದುವೆ ಗಂಡಿನದು.

ಮೂವರೂ ಒಂದೇ ರಜಾಯಿಯೊಳಗೆ ಕೂತರು. ಎದುರಿಗೆ ಮೂಲೆಯಲ್ಲಿ ಸತ್ತ ಹೀಟರು. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಕಪ್ಪು ವೃತ್ತ. ಎಷ್ಟು ತಿಕ್ಕಿದರೂ ಹೋಗದ ಕಲೆ. ಚಾಳೀಸಿನ ಕಣ್ಣು ಅಲ್ಲೇ ನಿಂತಿತು.

"ಅಲ್ಲೇ ಇದ್ದದ್ದು ನಮ್ಮ ಒಲೆ," ಎಂದ. ಮಗಳು ಈ ಕತೆಯನ್ನು ನೂರು ಸಲ ಕೇಳಿದ್ದಳು. ಆದರೂ ಹತ್ತಿರ ಸರಿದಳು. ಕತೆಗೋ, ಅಪ್ಪನ ಮೈಯ ಬಿಸಿಗೋ.

ಚಾಳೀಸು ಹುಟ್ಟಿ ಬೆಳೆದದ್ದು ಇದೇ ಎರಡು ಕೋಣೆಯಲ್ಲಿ. ಆಗ ಅಲ್ಲಿ ಕಬ್ಬಿಣದ ಕಲ್ಲಿದ್ದಲ ಒಲೆಯಿತ್ತು. ಅದರ ತಗಡಿನ ಕೊಳವೆ ಗೋಡೆ ತೂರಿ ಹೊರಗೆ ಹೋಗುತ್ತಿತ್ತು. ಆ ತೂತಿನ ಮೇಲೆ ಈಗ ಕ್ಯಾಲೆಂಡರು. ಚಳಿಗಾಲ ಬಂತೆಂದರೆ ಒಳಕೋಣೆಗೆ ಬೀಗ. ಅಪ್ಪ, ಅಮ್ಮ, ಅಜ್ಜಿ, ನಾಲ್ಕು ಮಕ್ಕಳು ಎಲ್ಲರೂ ನಡುಮನೆಯಲ್ಲೇ. ಒಲೆಯ ಮಗ್ಗುಲಿನ ಜಾಗಕ್ಕೆ ದಿನವೂ ಜಗಳ. ಅಕ್ಕ ಚಿವುಟಿ ಗೆಲ್ಲುತ್ತಿದ್ದಳು, ಚಾಳೀಸು ಅತ್ತು ಗೆಲ್ಲುತ್ತಿದ್ದ. ಅಪ್ಪನ ಒದ್ದೆ ಬೂಟಿನಿಂದ ಆವಿ ಏಳುತ್ತಿತ್ತು. ಬೂದಿಯಲ್ಲಿ ಹುಗಿದ ಆಲೂಗಡ್ಡೆಯ ಸಿಪ್ಪೆ ಸುಟ್ಟ ವಾಸನೆ ಬಂತೆಂದರೆ ಅಮ್ಮ ಬರಿಗೈಯಲ್ಲೇ ತೆಗೆದು, ಕೈಯಿಂದ ಕೈಗೆ ಹಾರಿಸುತ್ತಾ, ಊದುತ್ತಾ ಹಂಚುತ್ತಿದ್ದಳು. ಬಡತನ ಎಂಬ ಮಾತು ಆಗ ಚಾಳೀಸಿಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಮನೆಯಲ್ಲಿ ಹೀಟರು ಬಂದಿತ್ತು, ಅಮ್ಮ ಇರಲಿಲ್ಲ.

ಅಮ್ಮ ಕಲ್ಲಿದ್ದಲನ್ನು ಎಣಿಸಿ ಹಾಕುತ್ತಿದ್ದವಳು. ಆದರೆ ಯಾರಾದರೂ ಬಾಗಿಲು ಬಡಿದರೆ ಎಣಿಕೆ ಮರೆಯುತ್ತಿದ್ದಳು. ಅಂಚೆಯವನಾಗಲಿ, ಸಾಲಗಾರನಾಗಲಿ, ದಾರಿ ತಪ್ಪಿದವನಾಗಲಿ, ಮೊದಲು ಒಲೆಯ ಮುಂದೆ ಕೂರಿಸಿ ಎರಡು ತುಂಡು ಹೆಚ್ಚಿಗೆ ಹಾಕುವಳು.

"ನಿನ್ನ ಅಜ್ಜಿ ಏನ್ ಹೇಳ್ತಿದ್ರು ಗೊತ್ತಾ?"

"ಗೊತ್ತು," ಎಂದು ಮಗಳು ಪಾಠ ಒಪ್ಪಿಸಿದಳು. "ಚಳೀಲಿ ಬಂದವರಿಗೆ ಮೊದಲು ಬೆಂಕಿ, ಆಮೇಲೆ ಮಾತು. ಮೈ ಬೆಚ್ಚಗಾಗೋ ತನಕ ಯಾಕೆ ಬಂದ್ರಿ ಅಂತ ಕೇಳಬಾರದು."

"ಕೇಳಬಾರದು," ಎಂದ ಚಾಳೀಸು. ಹೆಂಡತಿ ರಜಾಯಿಯೊಳಗೇ ಅವನ ಕೈ ಹುಡುಕಿ ಹಿಡಿದಳು. ಅವಳ ಕೈಯೂ ಮಂಜುಗಡ್ಡೆಯೇ.

ಮೂರು ಗಂಟೆಗೆ ಪಾಲಿಸಿ ಮತ್ತೆ ಬಂದ. ಅಷ್ಟು ಹೊತ್ತಿಗೆ ಹೆಡ್‌ಮಿಸ್ಸಿನಿಂದ ಅವನಿಗೂ ಸತ್ಯ ತಿಳಿದಿತ್ತು. "ಬೆಳಿಗ್ಗೆ ನನ್ನಿಂದಲೇ ಎಡವಟ್ಟಾಯ್ತು. ಪ್ರಾಯಶ್ಚಿತ್ತ ಮಾಡ್ಕೋತೀನಿ. ನೀವು ಬೆಳಿಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿದ್ದೀರಿ. ಮೀಟರು ನಾನು ಕಾಯ್ತೀನಿ. ಅವನು ಬಂದ ತಕ್ಷಣ ಕರೀತೀನಿ," ಎಂದ.

ಚಾಳೀಸಿಗೆ ಕಣ್ಣು ತುಂಬಿ ಬಂತು. ಕೆಟ್ಟವರೆಂದು ತಿಳಿದವರಲ್ಲೂ ಒಳ್ಳೆಯತನ ಇರುತ್ತದೆ ಎಂದು ಹೆಂಡತಿಗೆ ಹೇಳಿ, ರಜಾಯಿಯೊಳಗೆ ಮುದುಡಿ ಅರೆಗಣ್ಣು ಮುಚ್ಚಿದ.

ಐದಕ್ಕೆ ಎದ್ದು ಕೆಳಗೆ ಹೋದರೆ ಮೆಟ್ಟಿಲ ದಾರಿಯೆಲ್ಲ ಹಗಲಿನ ಹಾಗೆ ಬೆಳಗುತ್ತಿತ್ತು. ಪಾಲಿಸಿ ಮಡಿಸುವ ಕುರ್ಚಿ ಹಾಕಿಕೊಂಡು, ಮೀಟರಿನ ಮುಂದೆ ಆರಾಮವಾಗಿ ಪೇಪರು ಓದುತ್ತಿದ್ದ.

"ಲೈಟು ಯಾರು ಹಾಕಿದ್ದು?"

"ನಾನೇ. ಕತ್ತಲಲ್ಲಿ ಅಂಕಿ ಕಾಣಬೇಕಲ್ಲ! ಮೂರು ಮಹಡಿಯದ್ದೂ ಹಾಕಿದ್ದೀನಿ. ಮೆಟ್ಟಿಲ ಲೈಟು ನಿಮ್ಮ ಮೀಟರಿಗೆ ಬರಲ್ಲ, ಹೆದರಬೇಡಿ."

"ಈ ತಿಂಗಳು ಸರದಿ ನಮ್ಮದು!" ಎಂದು ಚಾಳೀಸು ತಲೆಯ ಮೇಲೆ ಕೈ ಹೊತ್ತು ಕುಸಿದ.

ಮೆಟ್ಟಿಲ ದೀಪದ ಖರ್ಚಿನ ವಿಷಯದಲ್ಲಿ ಹತ್ತು ವರ್ಷ ಜಗಳವಾಡಿದ ಮೂರು ಮನೆಯವರು ಕೊನೆಗೆ ತಿಂಗಳಿಗೊಂದು ಮನೆಯ ಮೀಟರಿಗೆ ಅದನ್ನು ಜೋಡಿಸುವ ಒಪ್ಪಂದ ಮಾಡಿಕೊಂಡಿದ್ದರು. ಒಪ್ಪಂದದ ಕಾಗದ ಬರೆದವನು ಪಾಲಿಸಿಯೇ. ಪರೋಪಕಾರದ ಭರದಲ್ಲಿ ಅವನಿಗೆ ಅದು ನೆನಪಿಗೆ ಬಂದಿರಲಿಲ್ಲ. ಲೈಟು ಆರಿಸಿ ಮೀಟರಿಗೆ ಕಣ್ಣು ಹಚ್ಚಿದ ಚಾಳೀಸಿಗೆ ಕೊನೆಯ ಅಂಕಿ ಅರ್ಧ ಮೇಲಕ್ಕೆ ಸರಿದು, ಅದರ ಕೆಳಗೆ ಮುಂದಿನ ಅಂಕಿಯ ತಲೆ ಇಣುಕುತ್ತಿರುವುದು ಕಂಡಿತು. ಲೆಕ್ಕ ಇನ್ನೂರ ತೊಂಬತ್ತೊಂಬತ್ತೂವರೆ; ಮುನ್ನೂರಕ್ಕೆ ಇನ್ನು ಉಳಿದದ್ದು ಅರ್ಧ ಯೂನಿಟ್ಟು. ಮುನ್ನೂರಾದರೂ ಪರವಾಗಿಲ್ಲ, ಮುನ್ನೂರ ಒಂದಾಗಬಾರದು.

ಬೇಸತ್ತು ಮೇಲೆ ಬಂದು ಬಾಗಿಲು ಹಾಕಿಕೊಂಡ. ಹತ್ತು ನಿಮಿಷವಾಗಿರಲಿಲ್ಲ, ಯಾರೋ ಬಾಗಿಲು ತಟ್ಟಿದರು. ಪಾಲಿಸಿಯ ಹಾಗೆ ಬಡಿದದ್ದಲ್ಲ. ಶಕ್ತಿಯಿಲ್ಲದ ಕೈ ಮೆಲ್ಲಗೆ ಮುಟ್ಟಿದ ಹಾಗೆ.

ತೆರೆದರೆ ಒಬ್ಬ ಮುದುಕರು. ಎಪ್ಪತ್ತರ ಆಚೆಯ ವಯಸ್ಸು. ಮಂಡಿಯ ತನಕ ಒದ್ದೆ. ತಲೆಯ ಟೋಪಿ ಹಿಂಡಿದರೆ ನೀರು ಸುರಿಯುವಂತಿತ್ತು. ತುಟಿ ನೀಲಿಗಟ್ಟಿ, ಹಲ್ಲು ಕಟಕಟ ಎನ್ನುತ್ತಿತ್ತು. ಏನೋ ಹೇಳಲು ಬಾಯಿ ತೆರೆದರು. ಮಾತಿಗೆ ಬದಲು ನಡುಕವೇ ಹೊರಬಂತು. ಕೈ ಎತ್ತಿ ಒಳಗೆ ಮೂಲೆಯ ಕಡೆ ತೋರಿಸಿದರು, ಒಲೆ ಇದ್ದ ಮೂಲೆಯ ಕಡೆ. "ಅ... ಅಮ್ಮ... ಇಲ್ಲೇ ಕೂರಿಸ್ತಿದ್ರು," ಎಂದಷ್ಟೇ ಕೇಳಿಸಿತು.

ಚಾಳೀಸು ಅವರ ಮುಖ ದಿಟ್ಟಿಸಿದ. ಅಮ್ಮನನ್ನು ಬಲ್ಲವರು! ಮುಖ ಎಲ್ಲೋ ನೋಡಿದ ಹಾಗಿದೆ. ಅಪ್ಪನ ಗೆಳೆಯರೇ? ಅಮ್ಮನ ಕಡೆಯ ದೂರದ ಸೋದರಮಾವನೇ? ಕೇಳೋಣವೆಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಕೈಹಿಡಿದು ಕರೆದು, ರಜಾಯಿ ಹೊದಿಸಿ ಕೂರಿಸಿದ. ಮುದುಕರ ನಡುಕ ರಜಾಯಿಯನ್ನೇ ನಡುಗಿಸಿತು. ಫ್ಲಾಸ್ಕು ಬಗ್ಗಿಸಿದರೆ ಎರಡು ಹನಿ.

ಚಾಳೀಸು ಹೀಟರನ್ನು ನೋಡಿದ. ಹೆಂಡತಿಯನ್ನು ನೋಡಿದ. ಹೆಂಡತಿ ಗೋಡೆಯ ಮೊಳೆಗೆ ತೂಗುತ್ತಿದ್ದ ಮೋಟು ತೋಳಿನ ಕೋಟನ್ನು ನೋಡಿದಳು. ಬೆಳಿಗ್ಗೆಯಿಂದ ನಡುಗಿದ್ದು, ಓಡಿದ್ದು, ಹೆಡ್‌ಮಿಸ್ಸಿನ ಮುಂದೆ ಮಾನ ಕಳೆದುಕೊಂಡದ್ದು ಎಲ್ಲ ಆ ಒಂದು ಪ್ಲಗ್ಗಿನಲ್ಲಿ ನಿಂತಿತ್ತು.

ಮಗಳೇ ಎದ್ದಳು. "ಹಾಕಪ್ಪ," ಎಂದಳು. "ಮೊದಲು ಬೆಂಕಿ, ಆಮೇಲೆ ಮಾತು."

ಚಾಳೀಸು ಹೀಟರು ಹಾಕಿದ. ಹಾಕಿದ ಮೇಲೆ ಅರೆಮನಸ್ಸು ಯಾಕೆಂದು ಚಹಾಕ್ಕೂ ಇಟ್ಟರು. ಹೆಡ್‌ಮಿಸ್ಸಿನ ಮನೆಯಿಂದ ಹಾಲು ಬಂತು. ಹೀಟರಿನ ತಂತಿ ಕೆಂಪಾಗುತ್ತಾ ಬಂದ ಹಾಗೆ ಮುದುಕರ ಮುಖಕ್ಕೂ ರಕ್ತ ಬಂತು. ಅವರು ಒದ್ದೆ ಕಾಲುಚೀಲ ಬಿಚ್ಚಿ ಹೀಟರಿನ ಮೇಲೆ ಹರವಿದರು. ಉಣ್ಣೆಯಿಂದ ಆವಿ ಎದ್ದು, ಚಾಳೀಸಿನ ಮೂಗಿಗೆ ಮೂವತ್ತೈದು ವರ್ಷದ ಹಿಂದಿನ ವಾಸನೆ ಬಡಿಯಿತು.

"ಮುಂಚೆ ಇಲ್ಲಿ ಕಬ್ಬಿಣದ ಒಲೆ ಇತ್ತು," ಎಂದರು ಮುದುಕರು, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿ. "ಬಾಗಿಲಿಗೆ ಹೂವಿನ ಚಿತ್ರ. ಒಂದು ಕಾಲು ಮುರಿದಿತ್ತು, ಇಟ್ಟಿಗೆ ಒತ್ತುಕೊಟ್ಟಿದ್ರು."

"ಹೌದು! ಹೌದು! ಇಟ್ಟಿಗೆ!" ಎಂದು ಚಾಳೀಸು ಕುಣಿದಾಡಿದ. ಆ ಇಟ್ಟಿಗೆ ಅವನಿಗೇ ಮರೆತುಹೋಗಿತ್ತು.

"ನಿಮ್ಮ ತಾಯಿ ಬೂದಿಯಿಂದ ಆಲೂಗಡ್ಡೆ ತೆಗೆದುಕೊಡೋರು. ನಿಮ್ಮಲ್ಲಿ ಒಬ್ಬ ಹುಡುಗ ಇದ್ದ, ಯಾವಾಗ್ಲೂ ಅಳ್ತಿದ್ದ."

"ಅದು ನಮ್ಮಪ್ಪ," ಎಂದಳು ಮಗಳು ತಕ್ಷಣ.

ಎಲ್ಲರೂ ನಕ್ಕರು. ಮುದುಕರು ಚಾಳೀಸಿನ ಅಜ್ಜಿಯ ಕೆಮ್ಮನ್ನು ಅನುಕರಿಸಿದರು. ಅಪ್ಪನ ಬೂಟಿನ ಅಟ್ಟೆಗೆ ರಟ್ಟು ತುಂಬುತ್ತಿದ್ದದ್ದನ್ನು ಹೇಳಿದರು. ಹೆಂಡತಿ ತಾನು ಕಾಣದ ಅತ್ತೆಯ ಕತೆ ಕೇಳುತ್ತಾ ಗಲ್ಲಕ್ಕೆ ಕೈಯಿಟ್ಟು ಕೂತಳು. ಚಾಳೀಸಿಗೆ ಯೂನಿಟ್ಟು ಮರೆತುಹೋಯಿತು, ಕೋಟು ಮರೆತುಹೋಯಿತು. ಸತ್ತವರೆಲ್ಲ ಆ ಕಪ್ಪು ವೃತ್ತದ ಸುತ್ತ ಬಂದು ಕೂತಿದ್ದರು. ಯಾರನ್ನೂ ಎಬ್ಬಿಸುವ ಮನಸ್ಸು ಅವನಿಗಿರಲಿಲ್ಲ. ಮುಕ್ಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ.

ಆಗ ಕೆಳಗೆ ಮೋಟರ್ ಸೈಕಲ್ಲೊಂದು ಗುಡುಗಿತು. ಚಾಳೀಸು ಬಿಲ್ಲಿನಿಂದ ಹಾರಿದ ಬಾಣದ ಹಾಗೆ ಕಿಟಕಿಗೆ ಓಡಿದ. ಕೊರಿಯರಿನವನು; ಪಾಲಿಸಿಗೆ ಏನೋ ಲಕೋಟೆ. ಸಪ್ಪೆ ಮುಖ ಹೊತ್ತು ವಾಪಸು ಬಂದ.

"ಯಾರನ್ನಪ್ಪ ಕಾಯ್ತಿದ್ದೀರಿ?" ಎಂದರು ಮುದುಕರು.

"ಮೀಟರಿನವನನ್ನ. ಹಳದಿ ಹೆಲ್ಮೆಟ್ಟು. ಬೆಳಿಗ್ಗೆಯಿಂದ ಕಾದೂ ಕಾದೂ ಸಾಕಾಯ್ತು."

"ಅವನಾ? ಅವನಿಗೆ ಜ್ವರ ಅಲ್ವಾ, ಮೂರು ದಿನದಿಂದ ಮಲಗಿಬಿಟ್ಟಿದ್ದಾನೆ." ಮುದುಕರು ರಜಾಯಿಯೊಳಗೆ ಕೈಯಾಡಿಸಿ, ಹೆಗಲಿನ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಉದ್ದನೆಯ ಪುಸ್ತಕ ತೆಗೆದರು. "ಜನ ಇಲ್ಲ ಅಂತ ಆಫೀಸಿನವರು ರಿಟೈರಾದ ನನ್ನನ್ನ ಎಳ್ಕೊಂಡು ಬಂದಿದ್ದಾರೆ. ಮೋಟರ್ ಸೈಕಲ್ ಎಲ್ಲಿ ಬರಬೇಕು ನಂಗೆ? ನಡ್ಕೊಂಡೇ ಬಂದೆ, ಚರಂಡಿ ನೀರಲ್ಲಿ ಕಾಲು ಜಾರ್ತು, ಟೋಪಿನೂ ನೀರಿಗೆ ಬಿತ್ತು. ನಿಮ್ಮದೇ ಕೊನೇ ಮನೆ. ನಡೀರಿ, ಮೀಟರು ನೋಡ್ಬಿಡೋಣ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯನ್ನು ಕೇಳಿದ್ದ ಚಾಳೀಸು. ಎಣ್ಣೆಯನ್ನು ಒಳಗೆ ಕರೆದು, ರಜಾಯಿ ಹೊದಿಸಿ, ಚಹಾ ಕುಡಿಸಿದವನು ತಾನೊಬ್ಬನೇ ಇರಬೇಕು ಎನ್ನಿಸಿತು ಅವನಿಗೆ.

ಮುದುಕರು ಬರಿಗಾಲಿಗೆ ಚಾಳೀಸಿನ ಚಪ್ಪಲಿ ಮೆಟ್ಟಿಕೊಂಡು ಇಳಿದರು. ಟಾರ್ಚು ಹಿಡಿದು, ಮೂಗು ಗಾಜಿಗೆ ತಾಗಿಸಿ, ಪುಸ್ತಕದಲ್ಲಿ ಕಳೆದು ನೋಡಿದರು. "ಮುನ್ನೂರ ಒಂದು," ಎಂದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಅಯ್ಯಯ್ಯೋ. ಒಂದೇ ಒಂದು ಜಾಸ್ತಿ."

"ಯಜಮಾನ್ರೇ," ಎಂದ ಚಾಳೀಸು ಕೈಮುಗಿದು, "ನೀವು ಬಾಗಿಲು ತಟ್ಟಿದಾಗ ಇನ್ನೂರ ತೊಂಬತ್ತೊಂಬತ್ತೂವರೆ ಇತ್ತು. ಅದನ್ನೇ ಬರ್ಕೊಳ್ಳಿ. ಮಗಳ ಕೋಟಿನ ವಿಷಯ."

ಮುದುಕರ ಮುಖ ಸಣ್ಣಗಾಯಿತು. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. "ಮೂವತ್ತೇಳು ವರ್ಷ ಅಂಕಿ ಬರೆದೆ ಕಣಪ್ಪ, ಒಂದನ್ನೂ ತಿದ್ದಿಲ್ಲ. ಈಗ ನಿಮಗೆ ತಿದ್ದಿದ್ರೆ ಚಹಾ ಕುಡಿದು ತಿದ್ದಿದ ಅಂತಾಗುತ್ತೆ. ಕುಡಿದಿಲ್ಲ ಅಂತ ಹೇಳೋಕೂ ಆಗಲ್ಲ, ಎರಡು ಲೋಟ ಕುಡಿದಿದ್ದೀನಿ." ಮುನ್ನೂರ ಒಂದನ್ನೇ ಬರೆದು, ಶಾಯಿ ಆರಲೆಂದು ಊದಿದರು. ಆಮೇಲೆ ಮೆಲ್ಲಗೆ ಕೇಳಿದರು, "ಬೇಜಾರು ಮಾಡ್ಕೋಬೇಡಿ. ಬಂದ ತಕ್ಷಣ ಯಾಕ್ ಬಂದ್ರಿ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ?"

"ನಮ್ಮಮ್ಮ ಕಲಿಸಿದ್ದು. ಮೈ ಬೆಚ್ಚಗಾಗೋ ತನಕ ಬಂದವರನ್ನ ಏನೂ ಕೇಳಬಾರದು ಅಂತ."

ಮುದುಕರು ಅವನನ್ನೇ ನೋಡಿದರು. ಆಮೇಲೆ ಮೆಟ್ಟಿಲ ಕಂಬಿ ಹಿಡಿದುಕೊಂಡು ಕೆಮ್ಮು ಬರುವ ತನಕ ನಕ್ಕರು.

"ಅದು ಬೇರೆಯವರಿಗೆ ಕಣಪ್ಪ! ನನ್ನನ್ನ ಮಾತ್ರ ಅಂಕಿ ಬರೆಯೋ ತನಕ ಮೇಲಕ್ಕೇ ಬಿಡ್ತಿರಲಿಲ್ಲ. ನಾನು ಬರೋ ದಿನ ಬೆಳಿಗ್ಗೆಯಿಂದ ಇದೇ ಪೆಟ್ಟಿಗೆ ಹತ್ರ ನಿಂತಿರೋರು. 'ಮೊದಲು ಬರ್ಕೊಳ್ಳಿ, ಆಮೇಲೆ ಒಲೆ.' ಒಲೆಯೇನೋ ಕಲ್ಲಿದ್ದಲಿನದು, ಚಹಾದ ಕೆಟಲು ಕರೆಂಟಿನದು ನೋಡಿ. ನನಗೆ ಕೊಡೋ ಒಂದು ಲೋಟ ಚಹಾ ಕೂಡ ಮುಂದಿನ ತಿಂಗಳ ಲೆಕ್ಕಕ್ಕೆ ಹೋಗಬೇಕು ಅಂತ. ಭಾರಿ ಜಾಣೆ ನಿಮ್ಮ ತಾಯಿ. ಅದನ್ನ ನಿಮಗೆ ಕಲಿಸಲಿಲ್ವಾ?"

ಕಲಿಸಿರಲಿಲ್ಲ. ಕಲಿಸುವ ಹೊತ್ತಿಗೆ ಚಾಳೀಸು ಒಲೆಯ ಮಗ್ಗುಲಿನ ಜಾಗಕ್ಕಾಗಿ ಅಳುತ್ತಿದ್ದನೇನೋ. ಪೆಟ್ಟಿಗೆಯ ಬಾಗಿಲು ಮುಚ್ಚುವಾಗ ಅವನಿಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಇಷ್ಟು ವರ್ಷದ ಮೇಲೆ ಅಮ್ಮನ ಒಂದು ಹೊಸ ಮಾತು ಕೇಳಿದ್ದ. ಅದಕ್ಕೆ ಬೆಲೆ ಒಂದು ಕೋಟು.

ಕಾಲುಚೀಲ ಇನ್ನೂ ಮೇಲಿತ್ತು; ಮುದುಕರು ಹಿಂದಿರುಗಿ ಹತ್ತಿದರು. ಮೇಲೆ ನೋಡಿದರೆ ಪಾಲಿಸಿ, ಹೆಡ್‌ಮಿಸ್ಸು ಇಬ್ಬರೂ ಬಂದು ಹೀಟರಿನ ಮುಂದೆ ಸ್ಥಾಪಿತರಾಗಿದ್ದರು. ಸುದ್ದಿ ಅವರಿಗಾಗಲೇ ಮುಟ್ಟಿತ್ತು.

"ದಾಟಿದ್ದು ದಾಟಿತಲ್ಲ, ಇನ್ನೇನು? ಬನ್ನಿ, ಕೂತ್ಕೊಳ್ಳಿ," ಎಂದು ಪಾಲಿಸಿ ಮನೆಯ ಯಜಮಾನನ ಹಾಗೆ ಕರೆದ.

ಅದೂ ನಿಜವೇ ಎನ್ನಿಸಿತು ಚಾಳೀಸಿಗೆ. ಮಗಳ ಪಕ್ಕದಲ್ಲಿ ಕೂತು, "ಕೋಟು ಮುಂದಿನ ವರ್ಷ ನೋಡೋಣ ಪುಟ್ಟಿ," ಎಂದ. ಅವಳು ಮೊಳೆಯ ಮೇಲಿನ ಹಳೆಯ ಕೋಟು ತೊಟ್ಟು, ಮೋಟು ತೋಳನ್ನು ಮಣಿಕಟ್ಟಿನ ತನಕ ಎಳೆದುಕೊಂಡಳು. ಅದು ಮತ್ತೆ ಮೇಲೇರಿತು. ಹೆಡ್‌ಮಿಸ್ಸು ಸರಿದು ಅವಳಿಗೆ ಹೀಟರಿನ ಮಗ್ಗುಲಿನ ಜಾಗ ಬಿಟ್ಟುಕೊಟ್ಟರು. ಆರು ಜನ, ಒಂದು ರಜಾಯಿ, ಆವಿಯಾಡುವ ಕಾಲುಚೀಲ. ಮುದುಕರು ಮತ್ತೆ ಇಟ್ಟಿಗೆಯ ಕತೆಯನ್ನು ಮೊದಲಿನಿಂದ ಶುರು ಮಾಡಿದರು.

ಮಗಳು ಮಾತ್ರ ಬೆರಳು ಮಡಿಸುತ್ತಿದ್ದಳು. ಕೊನೆಗೆ ಅಪ್ಪನ ಕಿವಿಯ ಹತ್ತಿರ ಬಾಯಿ ತಂದಳು.

"ಅಪ್ಪ, ತಾತ ಅಂಕಿ ಬರ್ಕೊಂಡಾಯ್ತಲ್ಲ?"

"ಹೂಂ."

"ಹಾಗಾದ್ರೆ ಈಗ ಉರೀತಿರೋದು ಮುಂದಿನ ತಿಂಗಳದ್ದು."

ಚಾಳೀಸಿನ ಕೈ ತಾನಾಗಿಯೇ ಪ್ಲಗ್ಗಿನ ಕಡೆ ಹೋಯಿತು. ಅಷ್ಟರಲ್ಲಿ ಮುದುಕರು ಕಾಲುಚೀಲ ಮುಟ್ಟಿ ನೋಡಿ, "ಹಿಮ್ಮಡಿ ಇನ್ನೂ ಒದ್ದೆ," ಎಂದರು. ಪಾಲಿಸಿ ಅದನ್ನು ತಿರುಗಿಸಿ ಹರವಿದ. ಚಾಳೀಸು ಕೈ ವಾಪಸು ತೆಗೆದು, ರಜಾಯಿಯೊಳಗೆ ಇಟ್ಟುಕೊಂಡ.